ಬೀಗ ಬಿದ್ದ ಎರಡು ಬಾಗಿಲು: ವಿಲಿಯಂ ಸೀಮೋರ್ ಅವರ ಜೀವನ

ಬೈಬಲ್ ತಂದಿರುವವರು ಎರಡು ಕಡೆ ಬೆರಳಿಟ್ಟುಕೊಳ್ಳಿ. ಅಪೊಸ್ತಲರ ಕೃತ್ಯಗಳು 2:4, ಆಮೇಲೆ 1 ಕೊರಿಂಥ 12:30. ಮೊದಲನೆಯದರಲ್ಲಿ ಕೂಡಿದ್ದವರೆಲ್ಲ ಅನ್ಯಭಾಷೆಯಲ್ಲಿ ಮಾತಾಡಿದರು. ಎರಡನೆಯದರಲ್ಲಿ ಪೌಲನು ಎಲ್ಲರಿಗೂ ಈ ವರ ಇದೆಯೋ ಅಂತ ಸಭೆಯನ್ನೇ ಕೇಳುತ್ತಾನೆ. ಈ ಎರಡು ವಚನದ ಮಧ್ಯೆ ಜೀವ ಸವೆಸಿದ ಒಬ್ಬ ದೇವಸೇವಕನ ಬಗ್ಗೆ ಇವತ್ತು ಹೇಳ್ತೀನಿ.

ವಿಲಿಯಂ ಸೀಮೋರ್ 1870ರಲ್ಲಿ ಅಮೆರಿಕದ ಲೂಯಿಸಿಯಾನದಲ್ಲಿ ಹುಟ್ಟಿದರು. ತಂದೆತಾಯಿ ಗುಲಾಮಗಿರಿಯಿಂದ ಬಿಡುಗಡೆಯಾದವರು. ಹೋಟೆಲಿನಲ್ಲಿ ತಟ್ಟೆ ಎತ್ತಿ ಬದುಕಿದರು. ಸಿಡುಬು ಬಂದು ಒಂದು ಕಣ್ಣು ಹೋಯಿತು. ಹ್ಯೂಸ್ಟನ್ ಊರಿನಲ್ಲಿ ಚಾರ್ಲ್ಸ್ ಪಾರ್ಹಮ್ ಎಂಬ ಬಿಳಿಯ ಬೋಧಕರು ಬೈಬಲ್ ಶಾಲೆ ನಡೆಸ್ತಿದ್ದರು. ಕಪ್ಪು ಜನ ಬಿಳಿಯರ ಜೊತೆ ಒಂದೇ ಕೋಣೆಯಲ್ಲಿ ಕೂರುವಂತಿಲ್ಲದ ಕಾಲ ಅದು. ಸೀಮೋರ್ ಹೊರಗಡೆ ಕೂತು, ತೆರೆದ ಬಾಗಿಲಿನಿಂದ ಪಾಠ ಕೇಳಿದರು. ಆತ್ಮಾಭಿಷೇಕಕ್ಕೆ ಅನ್ಯಭಾಷೆಯೇ ಗುರುತು ಎಂಬ ಬೋಧನೆಯನ್ನು ಅವರು ಕಲಿತದ್ದು ಹಾಗೆ.

1906ರ ಫೆಬ್ರವರಿಯಲ್ಲಿ ಲಾಸ್ ಏಂಜಲೀಸ್‌ನ ಒಂದು ಚಿಕ್ಕ ಪರಿಶುದ್ಧತಾ ಸಭೆ ಅವರನ್ನು ಕರೆಸಿತು. ಸೀಮೋರ್ ಕೃತ್ಯಗಳು 2:4 ಹಿಡಿದು ಪ್ರಸಂಗ ಮಾಡಿದರು. ಆಗ ಅವರಿಗೇ ಅನ್ಯಭಾಷೆ ಬಂದಿರಲಿಲ್ಲ, ಗಮನಿಸಿ! ಆ ಸಭೆಯ ಸೇವಕಿ ಜೂಲಿಯಾ ಹಚಿನ್ಸ್ ಅವರ ನಂಬಿಕೆ ಬೇರೆ. ಪರಿಶುದ್ಧರಾದಾಗಲೇ ಆತ್ಮಾಭಿಷೇಕವೂ ಆಯಿತು, ಇನ್ನೊಂದು ಬೇಕಿಲ್ಲ ಅಂತ ಅವರು ಬೋಧಿಸ್ತಿದ್ದರು. ಕೆಲವೇ ದಿನದಲ್ಲಿ ಸೀಮೋರ್ ಬಂದು ನೋಡಿದರೆ ಬಾಗಿಲಿಗೆ ಬೀಗ.

ಕೈಯಲ್ಲಿ ಕಾಸಿಲ್ಲ, ಸಭೆಯೂ ಇಲ್ಲ. ಬಾನಿ ಬ್ರೇ ಬೀದಿಯ ಒಂದು ಮನೆಯಲ್ಲಿ ಕೆಲವರ ಜೊತೆ ಪ್ರಾರ್ಥನೆಗೆ ಕೂತರು. ಏಪ್ರಿಲ್ 9ರಂದು ಪವಿತ್ರಾತ್ಮನು ಅಲ್ಲಿ ಇಳಿದು ಬಂದನು, ಸ್ತೋತ್ರ. ಮೂರು ದಿನ ಬಿಟ್ಟು ಸೀಮೋರ್ ಅವರಿಗೂ ಅಭಿಷೇಕವಾಯಿತು. ಮನೆ ಸಾಲಲಿಲ್ಲ. ಅಜೂಸಾ ಬೀದಿಯ 312ನೇ ನಂಬರಿನ ಹಳೇ ಕಟ್ಟಡ ಹಿಡಿದರು. ಮೊದಲು ಚರ್ಚು, ಆಮೇಲೆ ಕುದುರೆ ಲಾಯವಾಗಿದ್ದ ಜಾಗ. ಮರದ ಪೆಟ್ಟಿಗೆಗಳೇ ಪ್ರಸಂಗಪೀಠ. ಕಪ್ಪು, ಬಿಳಿ, ಮೆಕ್ಸಿಕೋದವರು ಒಟ್ಟಿಗೆ ಮೊಣಕಾಲೂರಿದರು. ಬೀಗ ಹಾಕಿದ ಹಚಿನ್ಸ್ ಅಮ್ಮನವರೂ ಬಂದು ಅಭಿಷೇಕ ಹೊಂದಿ, ಆಫ್ರಿಕಾದ ಲೈಬೀರಿಯಕ್ಕೆ ಮಿಷನರಿಯಾಗಿ ಹೋದರು. ಇದು ನನಗೆ ಬಹಳ ಇಷ್ಟವಾದ ಭಾಗ.

ಆದರೆ ಅದೇ ವರ್ಷ ಪಾರ್ಹಮ್ ಬಂದು, ಬಣ್ಣ ನೋಡದೆ ಬೆರೆತ ಆ ಆರಾಧನೆಯನ್ನು ಕಂಡು ಅಸಹ್ಯಪಟ್ಟರು. ಅನ್ಯಭಾಷೆಯ ಬೋಧನೆ ಹೇಳಿಕೊಟ್ಟವರೇ ಅವರು! ಸೀಮೋರ್ ಇದನ್ನು ಮರೆಯಲಿಲ್ಲ. ಭಾಷೆ ಬಂದಿದೆ, ಪ್ರೀತಿ ಬಂದಿಲ್ಲ. ಹಾಗಾದರೆ ಭಾಷೆ ಒಂದೇ ಗುರುತಾಗಲು ಸಾಧ್ಯವೇ?

1911ರಲ್ಲಿ ಎರಡನೇ ಬೀಗ. ಷಿಕಾಗೋದ ವಿಲಿಯಂ ಡರ್ಹಮ್ 1907ರಲ್ಲಿ ಅಜೂಸಾದಲ್ಲೇ ಅಭಿಷೇಕ ಹೊಂದಿದವರು. ಸೀಮೋರ್ ಊರಲ್ಲಿಲ್ಲದಾಗ ಅವರು ಬಂದು ಪ್ರಸಂಗ ಮಾಡಿದರು, ಜನ ತುಂಬಿದರು. ಸೀಮೋರ್ ಬೋಧಿಸ್ತಿದ್ದದ್ದು ಮೂರು ಮೆಟ್ಟಿಲು: ರಕ್ಷಣೆ, ಆಮೇಲೆ ಬೇರೆಯಾಗಿ ಪರಿಶುದ್ಧತೆ, ಆಮೇಲೆ ಆತ್ಮಾಭಿಷೇಕ. ಡರ್ಹಮ್ ನಡುವಿನ ಮೆಟ್ಟಿಲು ತೆಗೆದರು. ಶಿಲುಬೆಯ ಕೆಲಸ ಪೂರ್ತಿಯಾಗಿದೆ, ನಂಬಿದ ದಿನವೇ ಅದೆಲ್ಲ ನಿನ್ನದು, ಮುಂದೆ ಅದರಲ್ಲಿ ಬೆಳೆಯುತ್ತಾ ಹೋಗು ಅಂದರು. ಸೀಮೋರ್ ವಾಪಸ್ ಬಂದು ನಿಲ್ಲಿಸಲು ಕೇಳಿದರು. ಡರ್ಹಮ್ ಒಪ್ಪಲಿಲ್ಲ. ಬಾಗಿಲಿಗೆ ಬೀಗ ಬಿತ್ತು. ವಚನದ ಅರ್ಥಕ್ಕಾಗಿ ಹೊರಗೆ ನಿಂತಿದ್ದವರೇ ಈಗ ಬೀಗ ಹಾಕಿಸಿದರು. ಜನರಲ್ಲಿ ಬಹಳ ಮಂದಿ ಡರ್ಹಮ್ ಹಿಂದೆ ಹೋದರು.

ಒಂದು ಮಾತು ಹೇಳಬೇಕು. ಬೋಧನೆಯಲ್ಲಿ ನಾವು ಡರ್ಹಮ್ ಕಡೆಯವರು. ಅಸೆಂಬ್ಲೀಸ್ ಆಫ್ ಗಾಡ್ ಸಭೆಗಳೂ ಆ ಕಡೆಯೇ. ಗೋಡೆಗೆ ಫೋಟೋ ಹಾಕುವುದು ಸೀಮೋರ್ ಅವರದ್ದು, ಕಲಿಸುವುದು ಅವರು ಹೊರಗೆ ಹಾಕಿದವರ ಪಾಠ. ಡರ್ಹಮ್ ಹೇಳಿದ್ದೇ ಸರಿ ಅಂತ ನಾನು ನಂಬುತ್ತೇನೆ. ಆದರೂ ಅವರು ಇನ್ನೊಬ್ಬರ ಮಂದೆಯಲ್ಲಿ ನಿಂತು ಮಾಡಿದ ರೀತಿ ನನಗೆ ಒಪ್ಪಿಗೆಯಿಲ್ಲ.

1915ರಲ್ಲಿ ಸೀಮೋರ್ ತಮ್ಮ ಸಭೆಗೆ ಬೋಧನೆ ಮತ್ತು ಶಿಸ್ತಿನ ಪುಸ್ತಕ ಅಚ್ಚು ಹಾಕಿಸಿದರು. ಬಿಳಿಯರು ಸದಸ್ಯರಾಗಬಹುದು, ಮೇಲಿನ ಹುದ್ದೆ ಮಾತ್ರ ಕಪ್ಪು ಜನರಿಗೆ ಎಂದು ಅದರಲ್ಲಿದೆ. ಅಷ್ಟು ಗಾಯವಾಗಿತ್ತು ಅವರಿಗೆ, ಓದಿದರೆ ನೋವಾಗುತ್ತೆ. ಅದೇ ಪುಸ್ತಕದಲ್ಲಿ, ಅನ್ಯಭಾಷೆಯನ್ನು ಆತ್ಮಾಭಿಷೇಕದ ಏಕೈಕ ಸಾಕ್ಷಿಯನ್ನಾಗಿ ಮಾಡಬಾರದು ಅಂತ ಬರೆದರು. ಯಾವ ಬೋಧನೆಯಿಂದ ಜಗತ್ತು ಅವರನ್ನು ಗುರುತಿಸಿತೋ ಅದನ್ನೇ ತಿದ್ದಿದರು. ವರವನ್ನು ತಳ್ಳಿಹಾಕಲಿಲ್ಲ, ಅಳತೆಗೋಲನ್ನು ಕೆಳಗಿಟ್ಟರು. ನಮ್ಮ ಘಟ್ಟದ ಸೀಮೆಯಲ್ಲಿ ಹುಟ್ಟಿದ ಪಂಡಿತಾ ರಮಾಬಾಯಿ ಅವರ ಮುಕ್ತಿ ಮಿಷನ್‌ನಲ್ಲೂ ಉಜ್ಜೀವನ ಬಂತು, ಹೆಣ್ಣುಮಕ್ಕಳು ಅನ್ಯಭಾಷೆ ಮಾತಾಡಿದರು. ಅವರೂ ಅದನ್ನು ಎಲ್ಲರಿಗೂ ಕಡ್ಡಾಯದ ಗುರುತು ಮಾಡಲಿಲ್ಲ.

ವರ್ಷಗಟ್ಟಲೆ ಕಾದು, ಭಾಷೆ ಬರದೆ, ದೇವರು ನನ್ನನ್ನು ಬಿಟ್ಟನೇನೋ ಅಂತ ಅಳುವ ತಾಯಂದಿರು ನಮ್ಮ ಸಭೆಗಳಲ್ಲೂ ಇದ್ದಾರೆ. ಅಮ್ಮಾ, ನಿಮಗೋಸ್ಕರ ಇದನ್ನು ಹೇಳ್ತಿದ್ದೀನಿ.

ಡರ್ಹಮ್ 1912ರಲ್ಲೇ ತೀರಿಕೊಂಡರು. ಸೀಮೋರ್ 1922ರ ಸೆಪ್ಟೆಂಬರ್ 28ರಂದು ಕರ್ತನ ಬಳಿಗೆ ಹೋದರು. ಆಗ ಅಜೂಸಾದಲ್ಲಿ ಉಳಿದದ್ದು ಬೆರಳೆಣಿಕೆಯ ಜನ. ಅವರ ಪತ್ನಿ ಜೆನ್ನಿ ಆ ಜನರನ್ನು ಸಾಕಿದರು. ಬನ್ನಿ, ಎದ್ದು ನಿಲ್ಲಿ, ಪ್ರಾರ್ಥನೆ ಮಾಡೋಣ.