ಟಿಪ್ಪುವಿನ ಹಡಗುಗಳೂ ಸಾವನದುರ್ಗದ ಹಾದಿಯೂ

ಬೆಂಗಳೂರಿನಿಂದ ಮೈಸೂರಿನತ್ತ ಹೊರಟವರಿಗೆ ರಾಮನಗರದ ಬಂಡೆಬೆಟ್ಟಗಳನ್ನು ಕಂಡಾಗ ಕಡಲು ನೆನಪಾಗಬೇಕಾದ ಕಾರಣವಿಲ್ಲ. ಆದರೂ ಅರಬ್ಬಿ ಸಮುದ್ರವೂ ಈ ಬೆಟ್ಟದ ಸೀಮೆಯೂ ಒಬ್ಬ ದೊರೆಯ ಬದುಕಿನಲ್ಲಿ ಒಂದೇ ಪ್ರಶ್ನೆಯನ್ನು ಎತ್ತಿದವು: ಸರಕು ಸಾಗುವ ಹಾದಿಯನ್ನು ಕಾಯುವವರು ಯಾರು? ಆ ದೊರೆ ಟಿಪ್ಪು ಸುಲ್ತಾನ್.

1750ರಲ್ಲಿ ದೇವನಹಳ್ಳಿಯಲ್ಲಿ ಹುಟ್ಟಿದ ಟಿಪ್ಪುವಿಗೆ ಕಡಲು ತಂದೆಯಿಂದ ಬಂದ ಬಳುವಳಿ. 1763ರಲ್ಲಿ ಬಿದನೂರನ್ನು ಗೆದ್ದ ಹೈದರಾಲಿಗೆ ಕೆಳದಿ ಅರಸರ ಕರಾವಳಿ ದಕ್ಕಿತು. ಕಾಳುಮೆಣಸು, ಶ್ರೀಗಂಧ, ಏಲಕ್ಕಿ, ಅಕ್ಕಿ ಮಂಗಳೂರಿನಿಂದ ಮಸ್ಕತ್ತಿಗೆ ಹೋಗುತ್ತಿದ್ದ ಕಾಲವದು. ಕಡಲ್ಗಳ್ಳರ ಭಯದಿಂದ ಒಂಟಿ ಹಡಗು ಹೊರಡುವುದು ಅಪಾಯಕರವಾಗಿತ್ತು. ವ್ಯಾಪಾರಿ ಹಡಗುಗಳು ಗುಂಪುಗೂಡಿ ಫಿರಂಗಿ ಹೊತ್ತ ನೌಕೆಯ ಕಾವಲಿನಲ್ಲಿ ಸಾಗುತ್ತಿದ್ದವು. ಹೈದರಾಲಿ ನೌಕಾಪಡೆ ಕಟ್ಟಲು ಯತ್ನಿಸಿದನಾದರೂ ಅದು ನಿಲ್ಲಲಿಲ್ಲ. 1780ರ ಡಿಸೆಂಬರ್‌ನಲ್ಲಿ ಅಡ್ಮಿರಲ್ ಹ್ಯೂಸ್ ಮಂಗಳೂರಿನ ಬಂದರಿನಲ್ಲೇ ಅವನ ಹಡಗುಗಳನ್ನು ನಾಶಪಡಿಸಿದ.

1782ರಲ್ಲಿ ಪಟ್ಟಕ್ಕೆ ಬಂದ ಟಿಪ್ಪು ಸ್ವತಃ ವ್ಯಾಪಾರಕ್ಕಿಳಿದ. ಮಸ್ಕತ್ತಿನಲ್ಲಿ ಕೋಠಿ ತೆರೆದ; ರೇಷ್ಮೆ ಹುಳುಗಳಿಗಾಗಿ ಬಂಗಾಳಕ್ಕೂ ಮಸ್ಕತ್ತಿಗೂ ಜನರನ್ನು ಕಳುಹಿಸಿದ. 1786ರಲ್ಲಿ ಮೆಣಸು, ಗಂಧ ತುಂಬಿದ ನಾಲ್ಕು ಹಡಗುಗಳೊಡನೆ ತುರ್ಕಿಯ ಸುಲ್ತಾನನಲ್ಲಿಗೆ ರಾಯಭಾರ ಹೊರಡಿಸಿದ. ಆ ಯಾತ್ರೆಯಲ್ಲಿ ನೂರಾರು ಜನ ರೋಗರುಜಿನಗಳಿಗೆ ಬಲಿಯಾದರು. ಅವನ ಶಸ್ತ್ರಸಜ್ಜಿತ ನೌಕೆಗಳು 1796ರವರೆಗೆ ವಾಣಿಜ್ಯ ಇಲಾಖೆಯ ಅಧೀನದಲ್ಲೇ ಇದ್ದವು. ಅವುಗಳ ಮುಖ್ಯ ಕೆಲಸ ಯುದ್ಧವಲ್ಲ, ಬೆಂಗಾವಲು.

ಬೆಂಗಾವಲಿನ ಬೆಲೆ ಎಷ್ಟೆಂಬುದು 1791ರಲ್ಲಿ ನೆಲ, ಜಲ ಎರಡರಲ್ಲೂ ತಿಳಿಯಿತು. ಆ ವರ್ಷ ಲಾರ್ಡ್ ಕಾರ್ನ್‌ವಾಲಿಸ್ ಬೆಂಗಳೂರನ್ನು ಹಿಡಿದು ಶ್ರೀರಂಗಪಟ್ಟಣದತ್ತ ನಡೆದ. ಚನ್ನಪಟ್ಟಣದ ಹಾದಿಯನ್ನು ಟಿಪ್ಪು ಬರಿದು ಮಾಡಿದ್ದರಿಂದ ಅವನು ಕಾನಕಾನಹಳ್ಳಿಯ, ಅಂದರೆ ಇಂದಿನ ಕನಕಪುರದ, ಹಾದಿ ಹಿಡಿದ. ಅಲ್ಲಿಯೂ ಕಾಳಿಲ್ಲ, ಮೇವಿಲ್ಲ. ಮೇ 15ರಂದು ಅರಕೆರೆಯ ಬಳಿ ಗೆದ್ದರೂ ಹಸಿವು ಅವನನ್ನು ಸೋಲಿಸಿತು. ಎತ್ತುಗಳು ಸತ್ತು ಬಿದ್ದವು. ಮುತ್ತಿಗೆಯ ಫಿರಂಗಿಗಳನ್ನು ತಾನೇ ಒಡೆದುಹಾಕಿ ಅವನು ಹಿಂದಿರುಗಬೇಕಾಯಿತು.

ಕಾರ್ನ್‌ವಾಲಿಸ್ ಪಾಠ ಕಲಿತ. ಮುಂದಿನ ದಂಡಯಾತ್ರೆಗೆ ಮುನ್ನ ದವಸದ ಹಾದಿಯನ್ನು ಭದ್ರಪಡಿಸಿಕೊಳ್ಳಲು ನಿಶ್ಚಯಿಸಿದ. ದುರ್ಗಮವೆಂದು ಹೆಸರಾಗಿದ್ದ ಮಾಗಡಿಯ ಸಾವನದುರ್ಗ 1791ರ ಡಿಸೆಂಬರ್ 21ರಂದು ಬಿದ್ದಿತು. ರಾಮಗಿರಿ, ಶಿವನಗಿರಿಗಳೂ ಅದರ ಬೆನ್ನಿಗೇ ಶರಣಾದವು. ಈ ಕೋಟೆಗಳು ಕೈಸೇರಿದ ಮೇಲೆ ಬಂಜಾರರ ಎತ್ತುಗಳ ಸಾಲುಗಳು ನಿರ್ಭಯವಾಗಿ ಸಾಗಿದವು.

ಇದಕ್ಕೆ ಸುಮಾರು ಒಂದು ತಿಂಗಳ ಹಿಂದೆ ತಲಚೇರಿಯ ಎದುರಿನ ಸಮುದ್ರದಲ್ಲಿ ಇದರ ಮತ್ತೊಂದು ಮುಖ ಕಂಡಿತ್ತು. ಲಾರ್ಡ್ ಕಾರ್ನ್‌ವಾಲಿಸನ ತಮ್ಮ ವಿಲಿಯಂ ಅಲ್ಲಿ ಇಂಗ್ಲಿಷ್ ನೌಕಾದಳದ ನಾಯಕ. ಮಂಗಳೂರಿನತ್ತ ಹೊರಟಿದ್ದ ಎರಡು ವ್ಯಾಪಾರಿ ಹಡಗುಗಳಿಗೆ ಬೆಂಗಾವಲಾಗಿದ್ದ ‘ರೆಸೊಲ್ಯೂ’ ಎಂಬ ಫ್ರೆಂಚ್ ಯುದ್ಧನೌಕೆಯನ್ನು, ಟಿಪ್ಪುವಿಗೆ ಸಾಮಗ್ರಿ ಹೋಗುತ್ತಿದೆಯೆಂಬ ಶಂಕೆಯಿಂದ, ಅವನ ನೌಕೆಗಳು ತಡೆದವು. ಇಂಗ್ಲೆಂಡ್-ಫ್ರಾನ್ಸ್ ನಡುವೆ ಆಗ ಯುದ್ಧವಿರಲಿಲ್ಲ. ಆದರೂ ಗುಂಡು ಹಾರಿತು, 25 ಫ್ರೆಂಚರು ಸತ್ತರು, ನೌಕೆ ಶರಣಾಯಿತು. ಅಣ್ಣ ಬೆಟ್ಟದ ಹಾದಿಯನ್ನು ತೆರೆದುಕೊಂಡರೆ ತಮ್ಮ ಕಡಲ ಹಾದಿಯನ್ನು ಮುಚ್ಚಿದ್ದ.

1792ರ ಒಪ್ಪಂದದಲ್ಲಿ ಟಿಪ್ಪು ಅರ್ಧ ರಾಜ್ಯವನ್ನೂ 3 ಕೋಟಿ 30 ಲಕ್ಷ ರೂಪಾಯಿಗಳನ್ನೂ ತೆತ್ತು, ಇಬ್ಬರು ಮಕ್ಕಳನ್ನು ಒತ್ತೆಯಿಟ್ಟ. ಮಂಗಳೂರಿನ ಕರಾವಳಿ ಮಾತ್ರ ಉಳಿಯಿತು. 1796ರಲ್ಲಿ ಅವನು ನೌಕಾಪಡೆಗೆಂದೇ 11 ಮಂದಿಯ ಪ್ರತ್ಯೇಕ ಮಂಡಳಿ ರಚಿಸಿ, 20 ದೊಡ್ಡ ಯುದ್ಧನೌಕೆಗಳನ್ನೂ 20 ಫ್ರಿಗೇಟುಗಳನ್ನೂ ಕಟ್ಟಲು ಆಜ್ಞಾಪಿಸಿದ. ಮಂಗಳೂರು, ಮಿರ್ಜಾನ್, ಸದಾಶಿವಗಡಗಳ ಬಳಿ ಹಡಗುಕಟ್ಟೆಗಳು ಗೊತ್ತಾದವು. ಆ ನೌಕಾಪಡೆ ಕಡಲಿಗಿಳಿಯುವ ಮುನ್ನವೇ, 1799ರ ಮೇ 4ರಂದು, ಅವನು ಶ್ರೀರಂಗಪಟ್ಟಣದಲ್ಲಿ ಹೋರಾಡುತ್ತ ಮಡಿದ.

ಹೊಗಳುವವರೂ ತೆಗಳುವವರೂ ಟಿಪ್ಪುವನ್ನು ಕತ್ತಿಯಿಂದಲೇ ಅಳೆಯುತ್ತಾರೆ. ಕೊಡಗು, ಮಲಬಾರಿನ ಜನರು ಅವನ ಕೈಯಲ್ಲಿ ಪಟ್ಟ ಪಾಡನ್ನು ಮರೆಮಾಚಬೇಕಾಗಿಲ್ಲ. ಅರ್ಥಶಾಸ್ತ್ರದ ವಿದ್ಯಾರ್ಥಿಗೆ ಇನ್ನೊಂದು ಲೆಕ್ಕವೂ ಕಾಣುತ್ತದೆ. ವ್ಯಾಪಾರಕ್ಕೆ ರಕ್ಷಣೆ ಕೊಡುವುದು ರಾಜ್ಯದ ಕರ್ತವ್ಯವೆಂಬುದನ್ನು ಅವನು ಸಮಕಾಲೀನ ದೇಶೀಯ ಅರಸರಲ್ಲಿ ಅನೇಕರಿಗಿಂತ ಚೆನ್ನಾಗಿ ಅರಿತಿದ್ದ. ಆದರೆ ರಾಜ್ಯವೇ ವರ್ತಕನಾದಾಗ ಬೆಂಗಾವಲು ಕಾಯುವುದು ರಾಜ್ಯದ ಸರಕನ್ನು, ಪ್ರಜೆಯ ಸರಕನ್ನಲ್ಲ. ಮೆಣಸಿನ ಹಡಗಿಗೆ ಕಾವಲು ಕೊಟ್ಟ ದೊರೆಯೇ, ಶತ್ರುವಿಗೆ ದಕ್ಕಬಾರದೆಂದು ಕಾನಕಾನಹಳ್ಳಿಯನ್ನು ಹಾಳುಗೆಡವಿದ. ಆ ರೈತನ ಕಣಜಕ್ಕೆ ಕಾರ್ನ್‌ವಾಲಿಸನ ಬೆಂಗಾವಲೂ ಇರಲಿಲ್ಲ, ಟಿಪ್ಪುವಿನ ಬೆಂಗಾವಲೂ ಇರಲಿಲ್ಲ.

ಅವನ ಹಡಗುಗಳಲ್ಲಿ ಇಂದು ಒಂದೂ ಉಳಿದಿಲ್ಲ. ಅವನು ಹುಳು ತರಿಸಿದ ರೇಷ್ಮೆ ಮಾತ್ರ ರಾಮನಗರದ ಗೂಡಿನ ಮಾರುಕಟ್ಟೆಯಲ್ಲಿ, ಚನ್ನಪಟ್ಟಣದ, ಕನಕಪುರದ ಹಿಪ್ಪುನೇರಳೆ ತೋಟಗಳಲ್ಲಿ ಬದುಕಿದೆ. ಅದನ್ನು ಇಷ್ಟು ಕಾಲ ಕಾಪಾಡಿದ್ದು ಫಿರಂಗಿಯಲ್ಲ. ರಾತ್ರಿ ಎದ್ದು ಹುಳುವಿಗೆ ಸೊಪ್ಪು ಹಾಕಿದ ರೈತ ಕುಟುಂಬಗಳು.