ತುತ್ತೂರಿಯೂ ಬಂದೂಕೂ: ಜೇಮ್ಸ್ ರೀಸ್ ಯುರೋಪ್

ಸ್ವಾತಂತ್ರ್ಯ ದಿನದ ಪಥಸಂಚಲನದಲ್ಲಿ ಬ್ಯಾಂಡ್ ಮೊಳಗಿದರೆ ಸಾಕು, ನಮ್ಮ ಕಾಲುಗಳು ತಾವಾಗಿಯೇ ಲಯ ಹಿಡಿಯುತ್ತವೆ. ಆದರೆ ಆ ವಾದ್ಯಗಳನ್ನು ನುಡಿಸುವವರ ಕಡೆ ನಮ್ಮ ಗಮನ ಹೋಗುವುದು ಕಡಿಮೆ. ಸೇನೆಯಲ್ಲಿ ಸಂಗೀತಗಾರನಾಗಿ ದುಡಿಯುವುದೂ ಒಂದು ವೃತ್ತಿಯೇ. ಆ ವೃತ್ತಿಯಲ್ಲಿ ಕಳೆದದ್ದು ಮೂರೇ ವರ್ಷವಾದರೂ ಇತಿಹಾಸದಲ್ಲಿ ಉಳಿದವರು ಅಮೆರಿಕದ ಜೇಮ್ಸ್ ರೀಸ್ ಯುರೋಪ್. ಯುರೋಪ್ ಎಂಬುದು ಅವರ ಮನೆತನದ ಹೆಸರು.

ಜೇಮ್ಸ್ ಹುಟ್ಟಿದ್ದು 1880ರಲ್ಲಿ, ಅಲಬಾಮಾ ರಾಜ್ಯದ ಮೊಬೀಲ್ ನಗರದ ಕಪ್ಪು ವರ್ಣೀಯ ಕುಟುಂಬವೊಂದರಲ್ಲಿ. ಅವರು ಬಾಲಕರಾಗಿದ್ದಾಗ ಕುಟುಂಬ ವಾಷಿಂಗ್ಟನ್‌ಗೆ ಬಂದು ನೆಲೆಸಿತು. ತಾಯಿ ಪಿಯಾನೊ ಬಲ್ಲವರು. ಅಲ್ಲಿನ ಪ್ರಸಿದ್ಧ ಮರೀನ್ ಬ್ಯಾಂಡ್‌ನ ಸಹಾಯಕ ನಿರ್ದೇಶಕರ ಬಳಿ ಹುಡುಗ ಪಿಟೀಲು ಕಲಿತ. ಸೇನಾ ಬ್ಯಾಂಡಿನ ಶಿಸ್ತು ಅವನಿಗೆ ಪಾಠದ ಜೊತೆಗೇ ಸಿಕ್ಕಿತು.

ಯೌವನದಲ್ಲಿ ಅವರು ಕೆಲಸ ಹುಡುಕಿಕೊಂಡು ನ್ಯೂಯಾರ್ಕ್‌ಗೆ ಹೋದರು. ಆಗ ಕಪ್ಪು ಸಂಗೀತಗಾರರ ಪಾಡು ಕಷ್ಟದ್ದು. ಶ್ರೀಮಂತರ ಔತಣಕೂಟಗಳಲ್ಲಿ ನುಡಿಸಲು ಅವರು ಬೇಕು, ನ್ಯಾಯವಾದ ಸಂಭಾವನೆ ಮಾತ್ರ ಸಿಗದು. ಒಬ್ಬೊಬ್ಬರೇ ಬೇಡಿದರೆ ಪ್ರಯೋಜನವಿಲ್ಲ ಎಂದು ಅರಿತ ಜೇಮ್ಸ್, 1910ರಲ್ಲಿ ಕ್ಲೆಫ್ ಕ್ಲಬ್ ಎಂಬ ಸಂಘಟನೆ ಕಟ್ಟಲು ಮುಂದಾದರು. ಅದು ಸಂಗೀತಗಾರರಿಗೆ ಕೆಲಸ ಕೊಡಿಸುವ ಸಂಘವೂ ಹೌದು, ದೊಡ್ಡ ವಾದ್ಯವೃಂದವೂ ಹೌದು. 1912ರಲ್ಲಿ ನೂರಕ್ಕೂ ಹೆಚ್ಚು ಕಲಾವಿದರ ಆ ತಂಡ ಜೇಮ್ಸ್ ನಾಯಕತ್ವದಲ್ಲಿ, ಪ್ರತಿಷ್ಠಿತ ಕಾರ್ನೆಗಿ ಹಾಲ್‌ನಲ್ಲಿ ಕಛೇರಿ ನೀಡಿತು.

1916ರಲ್ಲಿ ಹಾರ್ಲೆಮ್ ಬಡಾವಣೆಯ ಕಪ್ಪು ಯುವಕರಿಗಾಗಿ ಸೇನಾ ದಳವೊಂದು ರಚನೆಯಾಯಿತು. ಅಷ್ಟರಲ್ಲಿ ಹೆಸರು ಗಳಿಸಿದ್ದ ಜೇಮ್ಸ್ ಅದಕ್ಕೆ ಸೇರಿದ್ದು ಬ್ಯಾಂಡಿಗಾಗಿ ಅಲ್ಲ, ಸಾಮಾನ್ಯ ಸೈನಿಕನಾಗಿ. ದಳದ ಕರ್ನಲ್ ವಿಲಿಯಂ ಹೇವರ್ಡ್ ಮಾತ್ರ ಅವರನ್ನು ಬಿಡಲಿಲ್ಲ. ಉತ್ತಮ ಬ್ಯಾಂಡ್ ಕಟ್ಟಿಕೊಡಬೇಕೆಂದು ಪಟ್ಟು ಹಿಡಿದರು. ಜೇಮ್ಸ್ ಹಿಂದೇಟು ಹಾಕಿದರು. ಕೊನೆಗೆ ಒಪ್ಪಿದಾಗ, ನಿಯಮದಲ್ಲಿದ್ದ 28 ವಾದಕರು ಸಾಲದು, ಒಳ್ಳೆಯ ಕಲಾವಿದರನ್ನು ಕರೆತರಲು ಹಣವೂ ಬೇಕು ಎಂದು ಷರತ್ತು ಹಾಕಿದರು. ಕರ್ನಲ್ ಉದ್ಯಮಿಯೊಬ್ಬರಿಂದ 10,000 ಡಾಲರ್ ದೇಣಿಗೆ ತಂದರು. ಜೇಮ್ಸ್ ಪೋರ್ಟೊರಿಕೊ ದ್ವೀಪದವರೆಗೂ ಹೋಗಿ ವಾದಕರನ್ನು ಆರಿಸಿ ತಂದರು. ಮಾಡಿದರೆ ಚೆನ್ನಾಗಿ ಮಾಡಬೇಕು, ಇಲ್ಲದಿದ್ದರೆ ಒಪ್ಪಿಕೊಳ್ಳಬಾರದು ಎಂಬುದು ಅವರ ನಡೆ.

1917ರಲ್ಲಿ ಅಮೆರಿಕ ಮೊದಲ ಮಹಾಯುದ್ಧಕ್ಕೆ ಇಳಿಯಿತು. ಬೇರೆ ಸೈನಿಕರಿಗೆ ನ್ಯೂಯಾರ್ಕ್‌ನಲ್ಲಿ ಬೀಳ್ಕೊಡುಗೆಯ ಮೆರವಣಿಗೆ ನಡೆದಾಗ ಈ ದಳಕ್ಕೆ ಅದರಲ್ಲಿ ಸ್ಥಾನ ಸಿಗಲಿಲ್ಲ. ಕಾರಣ, ಚರ್ಮದ ಬಣ್ಣ. ತರಬೇತಿಗೆಂದು ಹೋದ ದಕ್ಷಿಣದ ಸ್ಪಾರ್ಟನ್‌ಬರ್ಗ್‌ನಲ್ಲಿ, ಬ್ಯಾಂಡಿನ ಗಾಯಕ ನೋಬಲ್ ಸಿಸ್ಲ್ ಪತ್ರಿಕೆ ಕೊಳ್ಳಲು ಹೋಟೆಲೊಂದಕ್ಕೆ ಹೋದಾಗ ಏಟು ತಿಂದರು. ಜೊತೆಯ ಸೈನಿಕರು ಕೆರಳಿ ಸೇಡಿಗೆ ಸಿದ್ಧರಾದರು. ಅವರನ್ನು ತಡೆದು, ಶಾಂತಗೊಳಿಸಿ ಹೊರಗೆ ಕಳುಹಿಸಿದವರು ಜೇಮ್ಸ್.

1918ರ ಜನವರಿ 1ರಂದು ದಳ ಫ್ರಾನ್ಸಿನ ಬ್ರೆಸ್ಟ್ ಬಂದರಿನಲ್ಲಿ ಇಳಿಯಿತು. ಬ್ಯಾಂಡ್ ಫ್ರಾನ್ಸಿನ ರಾಷ್ಟ್ರಗೀತೆಯನ್ನೇ ನುಡಿಸಿತು. ಆದರೆ ಆ ಲಯ ಎಷ್ಟು ಹೊಸದಾಗಿತ್ತೆಂದರೆ, ಅದು ತಮ್ಮದೇ ಗೀತೆ ಎಂದು ಗುರುತಿಸಲು ಅಲ್ಲಿನವರಿಗೆ ಸ್ವಲ್ಪ ಹೊತ್ತು ಹಿಡಿಯಿತು. ಮುಂದೆ ಬ್ಯಾಂಡ್ ಹೋದಲ್ಲೆಲ್ಲ ಜನ ಮುತ್ತಿಕೊಂಡರು. ಜಾಝ್‌ನ ನಾದವನ್ನು ಫ್ರೆಂಚರಿಗೆ ಪರಿಚಯಿಸಿದವರಲ್ಲಿ ಇವರು ಮೊದಲಿಗರು.

ಸ್ವಂತ ಸೇನೆ ಬಿಳಿಯರ ಪಕ್ಕದಲ್ಲಿ ಹೋರಾಡಲು ಬಿಡದೆ ಈ ದಳವನ್ನು ಫ್ರೆಂಚ್ ಸೇನೆಗೆ ಒಪ್ಪಿಸಿತು. 369ನೇ ಪದಾತಿ ದಳ ಎಂಬ ಹೊಸ ಹೆಸರಿನೊಂದಿಗೆ ಅದು 191 ದಿನ ಯುದ್ಧರಂಗದಲ್ಲಿತ್ತು. ಜೇಮ್ಸ್ ಬ್ಯಾಂಡಿನ ನಾಯಕರಷ್ಟೇ ಅಲ್ಲ, ಮೆಷಿನ್‌ಗನ್ ತುಕಡಿಯ ಲೆಫ್ಟಿನೆಂಟ್ ಕೂಡ. ಕಂದಕಗಳಲ್ಲಿ ದಿನ ಕಳೆದರು; ವಿಷಾನಿಲದ ದಾಳಿಗೆ ಸಿಕ್ಕಿ ಆಸ್ಪತ್ರೆ ಸೇರಿದರು. ಅಲ್ಲಿಯೂ ಸುಮ್ಮನಿರದೆ ಯುದ್ಧರಂಗದ ಅನುಭವದ ಬಗ್ಗೆಯೇ ಹಾಡು ರಚಿಸಿದರು. ದಳದ ಶೌರ್ಯಕ್ಕೆ ಫ್ರಾನ್ಸ್ ಕ್ರಾ ದ ಗೆರ್ ಪದಕ ನೀಡಿತು.

1919ರ ಫೆಬ್ರವರಿ 17ರಂದು ಅದೇ ನ್ಯೂಯಾರ್ಕ್‌ನ ಫಿಫ್ತ್ ಅವೆನ್ಯೂನಲ್ಲಿ ಈ ಸೈನಿಕರ ಮೆರವಣಿಗೆ ಸಾಗಿತು. ಎರಡು ವರ್ಷಗಳ ಹಿಂದೆ ನಿರಾಕರಿಸಿದ್ದ ಗೌರವವನ್ನು ನಗರ ಈಗ ತಾನಾಗಿ ಕೊಟ್ಟಿತು. ಬ್ಯಾಂಡಿನ ಮುಂದೆ ಜೇಮ್ಸ್ ಇದ್ದರು. ಗಂಭೀರವಾದ ಸೇನಾ ನಡೆಗಳನ್ನು ನುಡಿಸುತ್ತ ಬಂದ ಬ್ಯಾಂಡ್, ಹಾರ್ಲೆಮ್ ತಲುಪಿದ ಮೇಲೆ ಮನೆಮಂದಿಗಾಗಿ ಕುಣಿಸುವ ಹಾಡಿಗೆ ಹೊರಳಿತು.

ಆ ಸಂತೋಷ ಹೆಚ್ಚು ದಿನ ಉಳಿಯಲಿಲ್ಲ. 1919ರ ಮೇ 9ರಂದು, ಬಾಸ್ಟನ್‌ನಲ್ಲಿ ಕಛೇರಿಯ ವಿರಾಮದ ವೇಳೆ, ತಮ್ಮದೇ ತಂಡದ ಡ್ರಮ್ ವಾದಕನೊಬ್ಬ ಸಿಟ್ಟಿನ ಭರದಲ್ಲಿ ಬೀಸಿದ ಪುಟ್ಟ ಚಾಕುವಿನಿಂದ ಕುತ್ತಿಗೆಗೆ ಗಾಯವಾಗಿ ಜೇಮ್ಸ್ ತೀರಿಕೊಂಡರು. ಯುದ್ಧರಂಗದಿಂದ ಬದುಕಿ ಬಂದವರು ಒಂದು ಕ್ಷಣದ ಕೋಪಕ್ಕೆ ಬಲಿಯಾದರು. ನ್ಯೂಯಾರ್ಕ್ ನಗರ ಅವರಿಗೆ ಸಾರ್ವಜನಿಕ ಅಂತಿಮ ಗೌರವ ಸಲ್ಲಿಸಿತು. ಆರ್ಲಿಂಗ್ಟನ್ ಸೈನಿಕ ಸ್ಮಶಾನದಲ್ಲಿ ಅವರ ಸಮಾಧಿ ಇದೆ.

ಗೆಳೆಯರೇ, ಅವಮಾನಕ್ಕೆ ಏಟಿನಿಂದ ಉತ್ತರಿಸುವ ಅವಕಾಶ ಜೇಮ್ಸ್‌ಗೆ ಸ್ಪಾರ್ಟನ್‌ಬರ್ಗ್‌ನಲ್ಲೇ ಇತ್ತು. ಅವರು ಕೆಲಸದಿಂದ ಉತ್ತರಿಸಿದರು. ಯಾವ ವೃತ್ತಿ ಹಿಡಿಯಬೇಕೆಂದು ಯೋಚಿಸುವ ಈ ವಯಸ್ಸಿನಲ್ಲಿ ಅವರ ಬದುಕು ನಮಗೆ ನೆನಪಿರಲಿ: ವಾದ್ಯವಾಗಲಿ, ಬಂದೂಕಾಗಲಿ, ಲೇಖನಿಯಾಗಲಿ, ಹಿಡಿದ ಕೈಯ ಶ್ರದ್ಧೆಯೇ ಅದಕ್ಕೆ ಮರ್ಯಾದೆ ತರುತ್ತದೆ.