ತ್ಯಾಗವೀರ ಶಿರಸಂಗಿ ಲಿಂಗರಾಜರು: ವಿದ್ಯಾದಾಸೋಹಕ್ಕೆ ಮುಡಿಪಾದ ಸಂಸ್ಥಾನ

ಜೂನ್ ತಿಂಗಳು ಬಂತೆಂದರೆ ಇಳಕಲ್ಲಿನ ನೇಕಾರರ ಓಣಿಗಳಲ್ಲಿ, ಗ್ರಾನೈಟ್ ಗಣಿಗಳ ಕಾರ್ಮಿಕರ ಮನೆಗಳಲ್ಲಿ, ಹುನಗುಂದ ಸೀಮೆಯ ಒಣಬೇಸಾಯದ ಕುಟುಂಬಗಳಲ್ಲಿ ಒಂದೇ ಚಿಂತೆ ಮನೆಮಾಡುತ್ತದೆ. ಮಕ್ಕಳು ಪಿಯುಸಿಯಲ್ಲಿ ಒಳ್ಳೆಯ ಅಂಕ ಪಡೆದಿರುತ್ತಾರೆ. ಕಾಲೇಜಿನ ಶುಲ್ಕ, ಪುಸ್ತಕ, ವಸತಿನಿಲಯದ ವೆಚ್ಚ ಮಾತ್ರ ಮಗ್ಗದ ಗಳಿಕೆಗೆ ನಿಲುಕುವುದಿಲ್ಲ. ಇಂಥ ಹೊತ್ತಿನಲ್ಲಿ ನಾವು ಅಗತ್ಯವಾಗಿ ನೆನೆಯಬೇಕಾದ ಮಹನೀಯರು ತ್ಯಾಗವೀರ ಶಿರಸಂಗಿ ಲಿಂಗರಾಜ ದೇಸಾಯರು. ಬಡ ವಿದ್ಯಾರ್ಥಿಯ ಓದು ಯಾರೊಬ್ಬರ ಮರ್ಜಿಯನ್ನೂ ಕಾಯಬಾರದೆಂಬ ವಿಚಾರವನ್ನು ಕಾಗದದ ಮೇಲೆ ಶಾಶ್ವತ ವ್ಯವಸ್ಥೆಯಾಗಿ ಬರೆದಿಟ್ಟುಹೋದವರು ಅವರು.

ಲಿಂಗರಾಜರು 1861ರಲ್ಲಿ ಇಂದಿನ ಗದಗ ಜಿಲ್ಲೆಯ ಶಿಗ್ಲಿ ಗ್ರಾಮದಲ್ಲಿ ಜನಿಸಿದರು. ಹುಟ್ಟಿನಿಂದ ಅವರು ಸಂಸ್ಥಾನದ ಒಡೆಯರಲ್ಲ. ಬಾಲ್ಯದಲ್ಲಿಯೇ ನವಲಗುಂದ-ಶಿರಸಂಗಿ ದೇಸಗತಿಗೆ ದತ್ತುಪುತ್ರರಾಗಿ ಬಂದ ಮೇಲೆ ಲಿಂಗರಾಜರೆಂಬ ಹೆಸರೂ, ವಿಸ್ತಾರವಾದ ಭೂಮಿಕಾಣಿಯೂ, ವಾಡೆಯೂ ಅವರ ಪಾಲಿಗೆ ಬಂದವು. ಶಿರಸಂಗಿಯು ಬೆಳಗಾವಿ ಜಿಲ್ಲೆಯ ಸವದತ್ತಿ ಸೀಮೆಯಲ್ಲಿದ್ದರೆ ನವಲಗುಂದವು ಧಾರವಾಡ ಜಿಲ್ಲೆಗೆ ಸೇರಿದೆ. ಇನ್ನೊಂದು ಮನೆಯಲ್ಲಿ ಹುಟ್ಟಿದ ಬಾಲಕನೊಬ್ಬನು ಈ ಸಂಪತ್ತಿಗೆ ವಾರಸುದಾರನಾದನು. ಮುಂದೆ ಆ ಸಂಪತ್ತನ್ನೆಲ್ಲ ಅನ್ಯರ ಮನೆಯ ಮಕ್ಕಳಿಗಾಗಿಯೇ ಅವರು ಮುಡಿಪಿಟ್ಟದ್ದನ್ನು ನೋಡಿದಾಗ ಆ ಬದುಕಿನ ಆದಿಗೂ ಅಂತ್ಯಕ್ಕೂ ಒಂದು ನಂಟಿದೆಯೆಂದು ನಮಗೆ ಅನಿಸುತ್ತದೆ.

ಲಿಂಗರಾಜರ ಕಾಲದ ವಿದ್ಯಾಭ್ಯಾಸದ ಸ್ಥಿತಿಯನ್ನು ಇಂದಿನ ಯುವಕರು ಊಹಿಸಿಕೊಳ್ಳುವುದು ಕಷ್ಟ. ಆಗ ನಮ್ಮ ಭಾಗವು ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಪದವಿ ಪಡೆಯಬೇಕಾದರೆ ಪುಣೆಗೋ ಮುಂಬಯಿಗೋ ಹೋಗಬೇಕು. ಧಾರವಾಡದಲ್ಲಿ ಕರ್ನಾಟಕ ಕಾಲೇಜು ಆರಂಭವಾದುದೇ 1917ರಲ್ಲಿ. ಶುಲ್ಕದ ಮಾತು ಹಾಗಿರಲಿ, ಪರಊರಿನಲ್ಲಿ ವರ್ಷಗಟ್ಟಲೆ ಊಟ, ವಸತಿ, ಪ್ರಯಾಣಗಳ ಖರ್ಚನ್ನು ಭರಿಸುವ ಶಕ್ತಿ ಒಕ್ಕಲುತನದ ಕುಟುಂಬಕ್ಕೆ ಎಲ್ಲಿಂದ ಬರಬೇಕು? ಇದರಿಂದಾಗಿ ಬುದ್ಧಿವಂತ ಬಾಲಕರ ಓದು ಕನ್ನಡ ಶಾಲೆಯ ಮೆಟ್ಟಿಲಲ್ಲಿಯೇ ನಿಂತುಹೋಗುತ್ತಿತ್ತು.

ಈ ಕೊರತೆಯನ್ನು ಮನಗಂಡ ರಾವ್ ಬಹದ್ದೂರ್ ಅರಟಾಳ ರುದ್ರಗೌಡರು, ಗಿಲಗಂಚಿ ಗುರುಸಿದ್ಧಪ್ಪನವರು ಮುಂತಾದ ಹಿರಿಯರು 1883ರಲ್ಲಿ ಧಾರವಾಡದಲ್ಲಿ ಲಿಂಗಾಯತ ವಿದ್ಯಾಭಿವೃದ್ಧಿ ಸಂಸ್ಥೆಯನ್ನು ಕಟ್ಟಿದರು. ದಾನಿಗಳಿಂದ ನಿಧಿಯನ್ನು ಕೂಡಿಸಿ ಯೋಗ್ಯ ವಿದ್ಯಾರ್ಥಿಗಳಿಗೆ ಶಿಷ್ಯವೇತನ ನೀಡುವ ಪದ್ಧತಿ ನಮ್ಮ ಸಮಾಜದಲ್ಲಿ ಬೇರೂರಿದ್ದು ಇಂಥ ಪ್ರಯತ್ನಗಳಿಂದ. 1904ರಲ್ಲಿ ಹಾನಗಲ್ಲ ಶ್ರೀ ಕುಮಾರ ಮಹಾಸ್ವಾಮಿಗಳ ಪ್ರೇರಣೆಯಿಂದ ಧಾರವಾಡದಲ್ಲಿ ಅಖಿಲ ಭಾರತ ವೀರಶೈವ ಮಹಾಸಭೆಯ ಪ್ರಥಮ ಅಧಿವೇಶನ ನೆರೆದಾಗ ಅಧ್ಯಕ್ಷ ಪೀಠವನ್ನು ಅಲಂಕರಿಸಿದವರು ಲಿಂಗರಾಜರು. ಬಾದಾಮಿ ಸಮೀಪದ ಮಲಪ್ರಭೆಯ ದಂಡೆಯಲ್ಲಿ 1909ರಲ್ಲಿ ಶಿವಯೋಗ ಮಂದಿರವನ್ನು ಸ್ಥಾಪಿಸಿದವರೂ ಅದೇ ಕುಮಾರ ಮಹಾಸ್ವಾಮಿಗಳೆಂಬುದು ನಮ್ಮ ಭಾಗದ ಭಕ್ತರಿಗೆ ತಿಳಿದ ಸಂಗತಿ.

ಲಿಂಗರಾಜರಿಗೆ ಸಂತಾನವಿರಲಿಲ್ಲ. ದೇಸಗತಿಯ ಮನೆತನಗಳಲ್ಲಿ ಇಂಥ ಸಂದರ್ಭದಲ್ಲಿ ಮತ್ತೊಂದು ದತ್ತಕ ನಡೆಯುವುದು ರೂಢಿ. ಲಿಂಗರಾಜರು ಬೇರೊಂದು ದಾರಿಯನ್ನು ಹಿಡಿದರು. ಸಂಸ್ಥಾನದ ಉತ್ಪನ್ನವು ಲಿಂಗಾಯತ ವಿದ್ಯಾರ್ಥಿಗಳ ವಿದ್ಯಾಭ್ಯಾಸಕ್ಕೆ ಸಲ್ಲಬೇಕೆಂದು ಮೃತ್ಯುಪತ್ರ ಬರೆದಿಟ್ಟು 1906ರಲ್ಲಿ ಲಿಂಗೈಕ್ಯರಾದರು. ಆಗ ಅವರಿಗೆ ಕೇವಲ ನಲವತ್ತೈದು ವರ್ಷ. ಸಮಾಜವು ಅವರನ್ನು ತ್ಯಾಗವೀರರೆಂದು ಕರೆದು ಗೌರವಿಸಿತು. ಬಾಗಲಕೋಟೆಯಲ್ಲಿ ಬಸವೇಶ್ವರ ವೀರಶೈವ ವಿದ್ಯಾವರ್ಧಕ ಸಂಘವು ಉದಯಿಸಿದ್ದೂ ಅದೇ 1906ರಲ್ಲಿ.

ಈ ಮೃತ್ಯುಪತ್ರದ ಹಿರಿಮೆಯನ್ನು ಭಕ್ತರು ಸರಿಯಾಗಿ ಗ್ರಹಿಸಬೇಕು. ಬದುಕಿದ್ದಾಗ ದಾನ ಮಾಡಿದ ದೊರೆಗಳೂ ದೇಸಾಯರೂ ಅನೇಕರಿದ್ದರು. ಆದರೆ ಆ ದಾನಕ್ಕಾಗಿ ಬಡವನು ವಾಡೆಯ ಪಡಸಾಲೆಯಲ್ಲಿ ಕೈಕಟ್ಟಿ ನಿಲ್ಲಬೇಕಿತ್ತು. ಒಡೆಯರ ಮನಸ್ಸು ಪ್ರಸನ್ನವಾಗಿದ್ದರೆ ಕೆಲಸವಾಗುತ್ತಿತ್ತು, ಇಲ್ಲವಾದರೆ ಬರಿಗೈಯಲ್ಲಿ ಮರಳಬೇಕಿತ್ತು. ಲಿಂಗರಾಜರ ಬರಹವು ಆ ಪಡಸಾಲೆಯ ಜಾಗದಲ್ಲಿ ಒಂದು ವ್ಯವಸ್ಥೆಯನ್ನು ತಂದಿತು. ಯೋಗ್ಯತೆಯನ್ನೂ ಅಗತ್ಯವನ್ನೂ ತಿಳಿಸಿ ಅರ್ಜಿ ಸಲ್ಲಿಸುವುದು ವಿದ್ಯಾರ್ಥಿಯ ಕೆಲಸ, ಪರಿಶೀಲಿಸಿ ನೆರವು ನೀಡುವುದು ಧರ್ಮದರ್ಶಿಗಳ ಕೆಲಸ. ದಾನಿಯ ಹಂಗು ಅಲ್ಲಿಲ್ಲ. ಬಸವಾದಿ ಶರಣರು ದಾನಕ್ಕಿಂತ ದಾಸೋಹವನ್ನು ಮೇಲಾಗಿ ಕಂಡದ್ದು ಇದಕ್ಕಾಗಿಯೇ. ದಾನದಲ್ಲಿ ಕೊಡುವವನು ದೊಡ್ಡವನಾಗುತ್ತಾನೆ, ದಾಸೋಹದಲ್ಲಿ ಸಮಾಜವೇ ಒಡೆತನಕ್ಕೆ ಬರುತ್ತದೆ.

ಆದರೆ ಮೃತ್ಯುಪತ್ರದ ಆಶಯವು ಕೂಡಲೇ ಕೈಗೂಡಲಿಲ್ಲ. ಆಸ್ತಿಯ ಹಕ್ಕಿನ ಕುರಿತು ನ್ಯಾಯಾಲಯಗಳಲ್ಲಿ ದೀರ್ಘಕಾಲ ವ್ಯಾಜ್ಯ ನಡೆಯಿತು. ಹಿರಿಯರ ಛಲಬಿಡದ ಶ್ರಮದಿಂದ ಕೊನೆಗೆ ನವಲಗುಂದ-ಶಿರಸಂಗಿ ಟ್ರಸ್ಟ್ ನೆಲೆಗೊಂಡು ಶಿಷ್ಯವೇತನಗಳು ವಿದ್ಯಾರ್ಥಿಗಳ ಕೈಸೇರತೊಡಗಿದವು. ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಯು 1933ರಲ್ಲಿ ಬೆಳಗಾವಿಯಲ್ಲಿ ತೆರೆದ ಕಾಲೇಜು ಇಂದಿಗೂ ಲಿಂಗರಾಜ ಕಾಲೇಜು ಎಂಬ ಹೆಸರಿನಿಂದಲೇ ಪ್ರಸಿದ್ಧವಾಗಿದೆ. ವಾಡೆಯ ದೀಪವಾಗಬೇಕಿದ್ದ ಹೆಸರು ವಿದ್ಯಾಲಯದ ದೀಪವಾಯಿತು.

ವ್ಯಾಜ್ಯದ ಆ ವರ್ಷಗಳನ್ನು ನೆನೆದಾಗ ನಮ್ಮ ಮನಸ್ಸು ಭಾರವಾಗುತ್ತದೆ. ನಿಧಿ ಇತ್ತು, ದಾನಿಯ ಸಂಕಲ್ಪವಿತ್ತು. ತೀರ್ಪು ಬರುವಷ್ಟರಲ್ಲಿ ಎಷ್ಟೋ ಬಾಲಕರ ಓದುವ ವಯಸ್ಸು ಕಳೆದುಹೋಗಿತ್ತು. ಹೊತ್ತು ಮೀರಿ ಬಂದ ನೆರವು ಆ ಪೀಳಿಗೆಗೆ ದಕ್ಕಲಿಲ್ಲ. ಅಂದು ಅಡ್ಡಬಂದದ್ದು ನ್ಯಾಯಾಲಯದ ವಿಳಂಬ. ಇಂದು ಅಡ್ಡಬರುತ್ತಿರುವುದು ಬಹುಮಟ್ಟಿಗೆ ನಮ್ಮ ಅರಿವಿನ ಕೊರತೆ, ಅದಕ್ಕಿಂತ ಹೆಚ್ಚಾಗಿ ನಮ್ಮ ಸಂಕೋಚ. ಅರ್ಜಿ ಹಾಕುವುದೆಂದರೆ ಕೈಚಾಚುವುದೆಂದು ಭಾವಿಸಿ ಸುಮ್ಮನಿರುವ ತಂದೆತಾಯಿಗಳು, ಅದೇ ಶುಲ್ಕಕ್ಕಾಗಿ ಬಡ್ಡಿ ಸಾಲ ಮಾಡುವುದನ್ನು ನಾವು ಕಾಣುತ್ತಿದ್ದೇವೆ.

ಆದ್ದರಿಂದ ಭಕ್ತರಲ್ಲಿ ನಮ್ಮ ವಿನಂತಿ ಇಷ್ಟೇ. ರಾಜ್ಯ ವಿದ್ಯಾರ್ಥಿವೇತನ ತಂತ್ರಾಂಶದಲ್ಲಿಯೂ ರಾಷ್ಟ್ರೀಯ ವಿದ್ಯಾರ್ಥಿವೇತನ ತಂತ್ರಾಂಶದಲ್ಲಿಯೂ ಅರ್ಜಿ ಕರೆದಾಗ ಕೊನೆಯ ದಿನಕ್ಕೆ ಕಾಯಬೇಡಿರಿ. ನಾಡಕಚೇರಿಯಿಂದ ಜಾತಿ ಮತ್ತು ಆದಾಯ ಪ್ರಮಾಣಪತ್ರಗಳನ್ನು ಪ್ರವೇಶಕ್ಕೆ ಮುಂಚೆಯೇ ಪಡೆದಿಡಿರಿ. ಅವುಗಳ ಮೇಲಿನ ಆರ್‌ಡಿ ಸಂಖ್ಯೆ ಅರ್ಜಿಗೆ ಬೇಕಾಗುತ್ತದೆ. ಆಧಾರ್ ಕಾರ್ಡಿನಲ್ಲಿರುವ ಹೆಸರಿಗೂ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿರುವ ಹೆಸರಿಗೂ ವ್ಯತ್ಯಾಸವಿದ್ದರೆ ಮೊದಲು ತಿದ್ದಿಸಿರಿ. ವಿದ್ಯಾರ್ಥಿಯ ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿರದಿದ್ದರೆ ಮಂಜೂರಾದ ಹಣವೂ ಕೈಸೇರುವುದಿಲ್ಲ. ಕಾಲೇಜು ಕೊಟ್ಟ ಶುಲ್ಕದ ರಸೀದಿಯನ್ನು ಜೋಪಾನವಾಗಿಡಿರಿ. ಶಿಷ್ಯವೇತನ ಸಾಲದಾದಾಗ ಖಾಸಗಿ ಬಡ್ಡಿಯವರ ಬಳಿಗೆ ಹೋಗುವ ಮೊದಲು ಬ್ಯಾಂಕಿನ ಶೈಕ್ಷಣಿಕ ಸಾಲವನ್ನು ವಿಚಾರಿಸಿರಿ. ಅದರ ಕಂತುಗಳು ಸಾಮಾನ್ಯವಾಗಿ ಓದು ಮುಗಿದ ನಂತರ ಆರಂಭವಾಗುತ್ತವೆ. ಕರ್ನಾಟಕ ವೀರಶೈವ ಲಿಂಗಾಯತ ಅಭಿವೃದ್ಧಿ ನಿಗಮದ ಪ್ರಕಟಣೆಗಳನ್ನೂ ಗಮನಿಸುತ್ತಿರಿ.

ಓದುಬರಹ ಬಲ್ಲ ಯುವಕರು ತಮ್ಮ ಓಣಿಯ ಒಂದೆರಡು ಕುಟುಂಬಗಳಿಗಾದರೂ ಅರ್ಜಿ ತುಂಬಿಕೊಟ್ಟರೆ ಅದು ಶ್ರೇಷ್ಠವಾದ ದಾಸೋಹ. ಅದಕ್ಕೆ ಹಣ ಬೇಕಿಲ್ಲ. ಒಂದು ಮೊಬೈಲು, ಒಂದು ಸಂಜೆ, ಸ್ವಲ್ಪ ತಾಳ್ಮೆ ಸಾಕು. ನೆರವು ಪಡೆದು ಓದಿ ಉದ್ಯೋಗಕ್ಕೆ ಸೇರಿದವರು ತಮ್ಮ ಗಳಿಕೆಯ ಒಂದು ಪಾಲಿನಿಂದ ಇನ್ನೊಬ್ಬ ವಿದ್ಯಾರ್ಥಿಯ ಶುಲ್ಕ ಕಟ್ಟಿದರೆ ಆ ಋಣವು ಸಂದಂತೆ.

ಇಳಕಲ್ ಸೀರೆಯ ಒಡಲಿಗೂ ಸೆರಗಿಗೂ ಬೇರೆಬೇರೆ ಹಾಸು. ಎಳೆಗೆ ಎಳೆ ಕೂಡಿಸಿ ಕೊಂಡಿ ಹಾಕಿದಾಗಲೇ ಅವೆರಡೂ ಒಂದು ಸೀರೆಯಾಗುವುದು. ಉಳ್ಳವರ ಸಂಪತ್ತಿಗೂ ಇಲ್ಲದವರ ಪ್ರತಿಭೆಗೂ ಅಂಥ ಕೊಂಡಿಯನ್ನು ಹಾಕಿದವರು ಶಿರಸಂಗಿ ಲಿಂಗರಾಜರು. ಅದು ಕಳಚದಂತೆ ನೋಡಿಕೊಳ್ಳುವ ಹೊಣೆ ನಮ್ಮೆಲ್ಲರದು.